‘ಅಕುಶಲ’ ಎಂಬ ವರ್ಗೀಕರಣ ಮತ್ತು ಶುಚೀಕರಣದ ಕೆಲಸ

ಕಾರ್ಮಿಕರ ಕನಿಷ್ಠ ವೇತನವನ್ನು ಗೊತ್ತುಪಡಿಸುವ ಸರ್ಕಾರಿ ಅಧಿಸೂಚನೆಗಳನ್ನು ಓದಿದವರಿಗೆ ಅತಿಕುಶಲ, ಕುಶಲ, ಅರೆಕುಶಲ, ಅಕುಶಲ ಎಂಬ ನಾಲ್ಕು ಮೆಟ್ಟಿಲುಗಳ ಪರಿಚಯವಿರುತ್ತದೆ. ಕಸ ಗುಡಿಸುವ, ನೆಲ ಒರೆಸುವ, ಶೌಚಗೃಹಗಳನ್ನು ತೊಳೆಯುವ ಕೆಲಸಕ್ಕೆ ಇವುಗಳಲ್ಲಿ ದೊರೆತಿರುವ ಸ್ಥಾನ ಯಾವುದೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಕೇಂದ್ರ ಸರ್ಕಾರವು ತನ್ನ ವ್ಯಾಪ್ತಿಗೆ ಸೇರಿದ ಉದ್ಯೋಗಗಳಿಗಾಗಿ 2017ರ ಜನವರಿಯಲ್ಲಿ ಪರಿಷ್ಕರಿಸಿದ ದರಗಳನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕಟ್ಟಡ ನಿರ್ಮಾಣದ ಕೆಲಸಕ್ಕೆ ಅಲ್ಲಿ ನಾಲ್ಕು ದರ್ಜೆಗಳಿವೆ. ದೊಡ್ಡ ನಗರಗಳಲ್ಲಿ ಅಕುಶಲನಿಗೆ ದಿನಕ್ಕೆ 523 ರೂಪಾಯಿ, ಅರೆಕುಶಲನಿಗೆ 579, ಕುಶಲನಿಗೆ 637, ಅತಿಕುಶಲನಿಗೆ 693. ಗುಡಿಸುವ ಮತ್ತು ಶುಚಿಮಾಡುವ ಉದ್ಯೋಗವೂ ಅದೇ ಕ್ರಮದಲ್ಲಿ ಬೇರೊಂದು ಬಾಬಾಗಿ ನಮೂದಾಗಿದೆ. ಆದರೆ ಅದಕ್ಕೆ ದರ್ಜೆಗಳೇ ಇಲ್ಲ. ದೊಡ್ಡ ನಗರಗಳಲ್ಲಿ ಅದರ ದರ ಒಂದೇ ಒಂದು, 523 ರೂಪಾಯಿ. ಗಾರೆ ಹೊರಲು ಬಂದ ಆಳು ಕಾಲಕ್ರಮದಲ್ಲಿ ಗಾರೆಯ ಮೇಸ್ತ್ರಿಯಾಗಿ ಮೇಲಿನ ಸಾಲಿಗೆ ಏರಬಲ್ಲನು. ಪೊರಕೆ ಹಿಡಿದು ಬಂದವಳು ಮೂವತ್ತು ವರ್ಷ ದುಡಿದರೂ ಏರಬೇಕಾದ ಮೇಲಿನ ಸಾಲು ಆ ಪುಟದಲ್ಲಿ ಅಚ್ಚಾಗಿಯೇ ಇಲ್ಲ.

ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಶುಚೀಕರಣದ ಕೆಲಸ ಗೌರವಾರ್ಹವೇ ಅಲ್ಲವೇ ಎಂಬುದನ್ನಲ್ಲ. ಅದು ಗೌರವಾರ್ಹವೆಂದು ವೇದಿಕೆಗಳ ಮೇಲೆ ಎಲ್ಲರೂ ಒಪ್ಪುತ್ತಾರೆ. ಒಪ್ಪಿದ್ದರಿಂದ ಯಾರ ಸಂಬಳವೂ ಹೆಚ್ಚಿದಂತೆ ಕಾಣುವುದಿಲ್ಲ. ನಮ್ಮ ಪ್ರಶ್ನೆ ಇದಕ್ಕಿಂತ ಸಣ್ಣದು, ಆದರೆ ಖಚಿತವಾದುದು: ಈ ಕೆಲಸವನ್ನು ‘ಅಕುಶಲ’ವೆಂದು ಕರೆಯುವುದು ವಸ್ತುಸ್ಥಿತಿಯ ವರ್ಣನೆಯೋ, ಅಥವಾ ಅದು ವಸ್ತುಸ್ಥಿತಿಯನ್ನು ನೋಡದೆಯೇ ಮಾಡಿದ ತೀರ್ಮಾನವೋ?

ಮೊದಲು ಶಬ್ದವನ್ನೇ ನೋಡೋಣ. ‘ಕುಶಲ’ ಎಂಬ ಮಾತಿನ ವ್ಯುತ್ಪತ್ತಿಯನ್ನು ನಮ್ಮ ಅಲಂಕಾರಶಾಸ್ತ್ರಜ್ಞರು ಚರ್ಚಿಸಿರುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಕೈಯನ್ನು ಕುಯ್ದುಕೊಳ್ಳದಂತೆ ದರ್ಭೆಯನ್ನು ಆರಿಸಿ ತರಬಲ್ಲವನು ಕುಶಲ. ಆ ಹುಲ್ಲಿನ ಅಂಚು ಹರಿತವಾದುದರಿಂದ ಅದಕ್ಕೆ ವಿವೇಚನೆ ಬೇಕು. ಅಲ್ಲಿಂದ ಮುಂದೆ ಯಾವುದೇ ಕೆಲಸದಲ್ಲಿ ನಿಪುಣನಾದವನಿಗೆ ಈ ಮಾತು ರೂಢಿಯಾಯಿತು ಎಂಬುದಾಗಿ ಮಮ್ಮಟನು ಲಕ್ಷಣಾವೃತ್ತಿಯ ಪ್ರಕರಣದಲ್ಲಿ ಇದನ್ನು ಉದಾಹರಿಸುತ್ತಾನೆ. ‘ಸಾಹಿತ್ಯದರ್ಪಣ’ದ ವಿಶ್ವನಾಥನು ಈ ಉದಾಹರಣೆಯನ್ನು ಒಪ್ಪುವುದಿಲ್ಲ. ದಕ್ಷನೆಂಬುದೇ ಆ ಶಬ್ದದ ಮುಖ್ಯಾರ್ಥವೆಂದು ಅವನ ಮತ. ವ್ಯಾಕರಣದ ಆ ವಿವಾದ ನಮಗಿಲ್ಲಿ ಬೇಡ. ಹುಲ್ಲು ಕುಯ್ಯುವ ಕೈಗೆಲಸದಿಂದ ಕೌಶಲದ ಹೆಸರನ್ನು ಪಡೆದೆವೆಂದು ನಂಬಿದ ಭಾಷೆಯಲ್ಲಿ, ಹುಲ್ಲಿನ ಪೊರಕೆಯನ್ನು ಹಿಡಿದವರಿಗೆ ಅದೇ ಹೆಸರು ನಿರಾಕೃತವಾಗಿದೆಯೆಂಬುದನ್ನು ಮಾತ್ರ ಗುರುತಿಸಿ ಮುಂದುವರಿಯುತ್ತೇವೆ.

ಆಡಳಿತದಲ್ಲಿ ಬಳಕೆಯಾಗುವ ‘ಅಕುಶಲ’ಕ್ಕೆ ಈ ಹಳೆಯ ಶಬ್ದದೊಡನೆ ಸಂಬಂಧವಿಲ್ಲ, ಅದು ಇಂಗ್ಲಿಷ್ ಆಡಳಿತ ಭಾಷೆಯಿಂದ ಬಂದ ಅನುವಾದ. ಅಲ್ಲಿ ಅದರ ಬೇರು ಎಲ್ಲಿದೆಯೆಂಬುದನ್ನು ಅರಿತರೆ ಅರ್ಧ ತೊಡಕು ಬಿಡಿಸಿದಂತೆಯೇ. 1563ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಾಲದ ಶಾಸನವೊಂದು, ಏಳು ವರ್ಷ ಶಿಷ್ಯವೃತ್ತಿ ಮಾಡದವರು ಆಗ ಪ್ರಚಲಿತವಿದ್ದ ಕಸಬುಗಳಲ್ಲಿ ತೊಡಗಕೂಡದೆಂದು ವಿಧಿಸಿತು. ಈ ನಿಬಂಧನೆಗಳು 1814ರಲ್ಲಿ ರದ್ದಾಗುವವರೆಗೂ ಯಾವ ಕಸಬಿಗೆ ಶಿಷ್ಯವೃತ್ತಿಯ ಕಟ್ಟಳೆಯಿತ್ತೋ ಅದು ಕುಶಲ, ಉಳಿದುದೆಲ್ಲ ಸಾಧಾರಣ ದುಡಿಮೆ ಎಂಬ ಭಾವನೆ ಬೇರೂರಿತು. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಇದನ್ನು ಬಹಳ ಚೆನ್ನಾಗಿ ಗುರುತಿಸಿದ್ದಾನೆ. ಯೂರೋಪಿನ ರಾಜನೀತಿಯು ಕೈಗಾರಿಕೆಯ ಕಸಬುದಾರರೆಲ್ಲರ ದುಡಿಮೆಯನ್ನು ಕುಶಲವೆಂದೂ ಹಳ್ಳಿಯ ಕೂಲಿಗಾರರೆಲ್ಲರ ದುಡಿಮೆಯನ್ನು ಸಾಧಾರಣವೆಂದೂ ಎಣಿಸುತ್ತದೆಯೆಂದು ಹೇಳಿ, ಆತನು ಅದನ್ನು ಒಪ್ಪದೆ, ಬೇಸಾಯದಷ್ಟು ಬಗೆಬಗೆಯ ತಿಳಿವಳಿಕೆಯನ್ನು ಬೇಡುವ ಕಸಬು ಅಪರೂಪವೆಂದು ವಾದಿಸುತ್ತಾನೆ. ದಡ್ಡತನಕ್ಕೆ ಮಾದರಿಯೆಂದು ಎಲ್ಲರೂ ಎಣಿಸುವ ನೇಗಿಲಿನಾಳು ದಿನದಿನವೂ ಬದಲಾಗುವ ನೆಲ, ಹವೆ, ದನಗಳ ಸ್ಥಿತಿಗಳಿಗೆ ತಕ್ಕಂತೆ ತೀರ್ಮಾನ ಮಾಡುತ್ತಿರುತ್ತಾನೆ. ಒಂದೇ ಉಪಕರಣದಿಂದ ಒಂದೇ ಬಗೆಯ ವಸ್ತುವಿನ ಮೇಲೆ ಕೆಲಸಮಾಡುವ ಕಸಬುದಾರನಿಗೆ ಅಷ್ಟು ವಿವೇಚನೆಯ ಅಗತ್ಯವಿಲ್ಲ. ಸ್ಮಿತ್ತನ ಈ ಮಾತನ್ನು ನಮ್ಮ ಅರ್ಥಶಾಸ್ತ್ರದ ತರಗತಿಗಳಲ್ಲಿ ಸಾಕಷ್ಟು ಹೇಳುವುದಿಲ್ಲವೆಂದು ನಮಗೆ ತೋರುತ್ತದೆ. ಗುಂಡುಸೂಜಿಯ ಕಾರ್ಖಾನೆಯ ಉದಾಹರಣೆಯನ್ನು ಮಾತ್ರ ಎಲ್ಲರೂ ಹೇಳುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಹಳೆಯ ಭೇದವೇ ಅಂಕಿ-ಅಂಶ ಶಾಸ್ತ್ರದ ಉಡುಗೆಯನ್ನು ತೊಟ್ಟಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಉದ್ಯೋಗ ವರ್ಗೀಕರಣವು 1958ರಲ್ಲಿ ಮೊದಲು ಪ್ರಕಟವಾಯಿತು. 1988ರ ಆವೃತ್ತಿಯಲ್ಲಿ ಕೌಶಲದ ಮಟ್ಟಗಳನ್ನು ಆಧಾರವಾಗಿಟ್ಟುಕೊಂಡು ಒಂಬತ್ತನೆಯ ಮಹಾವರ್ಗವನ್ನು ‘ಪ್ರಾಥಮಿಕ ಉದ್ಯೋಗಗಳು’ ಎಂದು ಹೆಸರಿಸಿ, ಶುಚಿಕಾರರನ್ನೂ ಕಸ ಸಂಗ್ರಹಿಸುವವರನ್ನೂ ಅದರಲ್ಲಿ ಇರಿಸಿದರು. ಭಾರತದ ರಾಷ್ಟ್ರೀಯ ವರ್ಗೀಕರಣವೂ ಇದನ್ನೇ ಅನುಸರಿಸಿದೆ. ಇಲ್ಲಿ ಕೌಶಲದ ಮಟ್ಟಕ್ಕೆ ಮುಖ್ಯ ಅಳತೆಗೋಲುಗಳಲ್ಲಿ ಒಂದು ಶಾಲೆಯಲ್ಲಿ ಕಳೆದ ವರ್ಷಗಳು. ವೇತನದ ಅಧಿಸೂಚನೆಗಳಾದರೋ, ಸರಳವಾದ ಕೆಲಸ, ಸ್ವತಂತ್ರ ವಿವೇಚನೆಯ ಅಥವಾ ಪೂರ್ವಾನುಭವದ ಅಗತ್ಯ ಸ್ವಲ್ಪವೂ ಇಲ್ಲದ ಇಲ್ಲವೆ ತೀರ ಕಡಮೆಯಿರುವ ಕೆಲಸ ಎಂಬ ಅರ್ಥದಲ್ಲಿ ‘ಅಕುಶಲ’ವನ್ನು ವಿವರಿಸುವುದು ವಾಡಿಕೆ. 1948ರ ಕನಿಷ್ಠ ವೇತನ ಕಾಯಿದೆಯು ಈ ಮಾತನ್ನು ಬಳಸಿತೇ ಹೊರತು ಅದಕ್ಕೆ ವ್ಯಾಖ್ಯೆಯನ್ನು ಕೊಡಲಿಲ್ಲ.

ಹೀಗೆ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಅರ್ಥಗಳು ಸೇರಿಕೊಂಡಿವೆ. ಕೆಲಸಗಾರನ ಬಳಿ ಪ್ರಮಾಣಪತ್ರವಿಲ್ಲ ಎಂಬುದು ಒಂದು. ಕೆಲಸವನ್ನು ಕಲಿಯಲು ಬಹುಕಾಲ ಬೇಕಾಗಿಲ್ಲ ಎಂಬುದು ಇನ್ನೊಂದು. ಕೆಲಸದಲ್ಲಿ ವಿವೇಚನೆಗೆ ಅವಕಾಶವೇ ಇಲ್ಲ ಎಂಬುದು ಮತ್ತೊಂದು. ಮೊದಲನೆಯದನ್ನು ನೋಡಿ ಮೂರನೆಯದನ್ನು ತೀರ್ಮಾನಿಸುವುದೇ ನಡೆದುಬಂದಿರುವ ಪದ್ಧತಿ. ಆದಕಾರಣ ಕೆಲಸವನ್ನೇ ಹತ್ತಿರದಿಂದ ನೋಡಬೇಕಾಗಿದೆ.

ಶುಚಿಮಾಡುವುದೆಂದರೇನು? ಜರ್ಮನಿಯ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದಕ್ಕೆ ಒಂದು ಸೂತ್ರವನ್ನು ಕೊಟ್ಟನು. ರಾಸಾಯನಿಕ ದ್ರವ್ಯ, ಉಜ್ಜುವ ಬಲ, ಉಷ್ಣತೆ, ಕಾಲ ಎಂಬ ನಾಲ್ಕು ಅಂಶಗಳು ಸೇರಿ ಕೊಳೆಯನ್ನು ತೆಗೆಯುತ್ತವೆ. ಒಂದನ್ನು ಕಡಮೆ ಮಾಡಿದರೆ ಉಳಿದವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಬೇಕು. ಬಿಸಿನೀರಿಲ್ಲದ ಕಟ್ಟಡದಲ್ಲಿ, ಅಗ್ಗದ ಸಾಬೂನು ಪುಡಿಯಿಂದ, ಅರ್ಧ ಗಂಟೆಯೊಳಗೆ ಹತ್ತು ಶೌಚಗೃಹಗಳನ್ನು ತೊಳೆಯಬೇಕೆಂದು ಹೇಳಿದರೆ, ಉಳಿಯುವುದು ನಾಲ್ಕನೆಯ ಅಂಶವೊಂದೇ, ಅಂದರೆ ತೊಳೆಯುವವಳ ತೋಳು. ಈ ಸೂತ್ರವನ್ನು ಓದದಿದ್ದರೂ ಅನುಭವಸ್ಥರು ಇದನ್ನು ಬಲ್ಲರು. ಅವರು ಮೊದಲು ಎಲ್ಲ ಕಡೆಗೂ ದ್ರವವನ್ನು ಹಾಕಿಬಿಟ್ಟು, ಅದು ನೆನೆಯುವ ವೇಳೆಯಲ್ಲಿ ಕನ್ನಡಿ, ನಲ್ಲಿಗಳನ್ನು ಒರೆಸಿ, ಅನಂತರ ಹಿಂದಿರುಗಿ ಉಜ್ಜುತ್ತಾರೆ. ಹೊಸಬರು ಹಾಕಿದ ಕೂಡಲೇ ಉಜ್ಜಲು ತೊಡಗಿ ಎರಡರಷ್ಟು ದಣಿಯುತ್ತಾರೆ.

ನೆಲದ ವಿಷಯ ಇನ್ನೂ ಸೂಕ್ಷ್ಮವಾದುದು. ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು, ಕಡಪದ ಕಪ್ಪು ಕಲ್ಲು, ಅಮೃತಶಿಲೆ ಇವು ಮೂರೂ ಸುಣ್ಣದ ಅಂಶದಿಂದಾದವು. ಇವುಗಳ ಮೇಲೆ ಆಸಿಡ್ ಬಿದ್ದರೆ ನೊರೆಯೆದ್ದು ಮೇಲ್ಮೈ ಕರಗುತ್ತದೆ. ಗ್ರಾನೈಟು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಹಳೆಯ ಮನೆಗಳ ಕೆಂಪು ಕಾವಿಯ ನೆಲವು ಸಿಮೆಂಟಿನದಾದ್ದರಿಂದ ಅದಕ್ಕೂ ಆಸಿಡ್ ಆಗದು. ನಾವು ಬಲ್ಲ ಹಳೆಯ ಕಟ್ಟಡವೊಂದರಲ್ಲಿ ಹತ್ತಾರು ವರ್ಷಗಳಿಂದ ನುಣುಪಾಗಿ ಉಳಿದಿದ್ದ ಶಹಾಬಾದಿನ ನೆಲವು, ಗುತ್ತಿಗೆದಾರನು ಬದಲಾಗಿ ಹಳೆಯ ಕೆಲಸದವರನ್ನು ಬಿಡಿಸಿದ ಕೆಲವೇ ವಾರಗಳಲ್ಲಿ ಬಿಳಿಚಿಕೊಂಡು ತರಕಲಾಯಿತು. ಹಳಬರು ಆಸಿಡ್ ಬಾಟಲಿಯನ್ನು ಆ ಮೊಗಸಾಲೆಗೆ ತರುತ್ತಲೇ ಇರಲಿಲ್ಲವೆಂಬುದು ಅನಂತರ ತಿಳಿಯಿತು. ನೆಲವನ್ನು ಮತ್ತೆ ಉಜ್ಜಿ ಹೊಳಪು ಕೊಡಿಸಲು ಕರೆಸಿದವನಿಗೆ ಕುಶಲ ಕಾರ್ಮಿಕನ ದರವನ್ನು ಕೊಟ್ಟರು. ನೆಲವನ್ನು ಅಷ್ಟು ಕಾಲ ಕೆಡದಂತೆ ಇಟ್ಟಿದ್ದವರು ಅಕುಶಲರಾಗಿಯೇ ಹೋದರು.

ಬ್ಲೀಚಿಂಗ್ ಪುಡಿಯ ಬಗೆಗೆ ಎಲ್ಲರೂ ಬಲ್ಲೆವೆಂದುಕೊಳ್ಳುತ್ತಾರೆ. ಶೌಚಗೃಹ ತೊಳೆಯುವ ಆಸಿಡ್ಡಿನೊಡನೆ ಅದು ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಇದು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲುದು. ಒದ್ದೆ ಗಾಳಿಗೆ ತೆರೆದಿಟ್ಟ ಪುಡಿಯು ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ರಕ್ತ, ವಾಂತಿ ಮುಂತಾದುವು ಇದ್ದಲ್ಲಿ ದ್ರಾವಣವು ಬೇಗ ನಿರ್ವೀರ್ಯವಾಗುವುದು. ಆಸ್ಪತ್ರೆಗಳಲ್ಲಿ ಆದುದರಿಂದಲೇ ರಕ್ತ ಚೆಲ್ಲಿದ ಜಾಗವನ್ನು ಮೊದಲು ಹೀರುವ ಬಟ್ಟೆಯಿಂದ ಮುಚ್ಚಿ, ತಕ್ಕ ಪ್ರಮಾಣದ ಹೈಪೋಕ್ಲೋರೈಟ್ ದ್ರಾವಣವನ್ನು ಸುರಿದು, ನಿಗದಿಯಾದ ಹೊತ್ತು ಕಾದು, ಬಳಿಕ ತೆಗೆಯಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ಒಣ ಪೊರಕೆಯಿಂದ ಗುಡಿಸಬಾರದು. ಧೂಳು ಎದ್ದು ರೋಗಾಣುಗಳನ್ನು ಹರಡುತ್ತದೆ. ಒಣ ಜಾಡುವಿಕೆಯಿಂದ ಧೂಳು ಸ್ಥಳಾಂತರವಾಗುತ್ತದೆಯೇ ಹೊರತು ಹೋಗುವುದಿಲ್ಲ, ಒದ್ದೆ ಬಟ್ಟೆಯೇ ಅದಕ್ಕೆ ಉಪಾಯ ಎಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ಒತ್ತಿಹೇಳಿದಳು. ಒರೆಸುವಾಗ ಶುಚಿಯಾದ ಕಡೆಯಿಂದ ಕೊಳಕಾದ ಕಡೆಗೆ, ಒಳಗಿನಿಂದ ಬಾಗಿಲಿನ ಕಡೆಗೆ ಸಾಗಬೇಕು. ಶೌಚಗೃಹದ ಬಟ್ಟೆ ವಾರ್ಡಿಗೆ ಬರಕೂಡದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಬಣ್ಣದ ಭಾಂಡಗಳು ವಿಧಿತವಾಗಿವೆ. ದಾದಿಯು ಅವಸರದಲ್ಲಿ ಸೂಜಿಯನ್ನು ತಪ್ಪು ಚೀಲದಲ್ಲಿ ಹಾಕಿದರೆ ಅದು ಚುಚ್ಚುವುದು ಆ ಚೀಲವನ್ನು ಎತ್ತುವ ಆಯಾಳ ಕೈಗೆ. ಇಂಥ ವಾರ್ಡಿನಲ್ಲಿ ತಪ್ಪು ಮಾಡದೆ ಹತ್ತು ವರ್ಷ ದುಡಿದವಳಿಗೆ ವಿವೇಚನೆಯ ಅಗತ್ಯ ಕಡಮೆಯೆಂದು ಹೇಳುವುದಕ್ಕೆ ಧೈರ್ಯ ಬೇಕು.

ಬೀದಿ ಗುಡಿಸುವುದು ಇದಕ್ಕಿಂತ ಸುಲಭವೆಂದು ನಮಗೂ ಮೊದಲು ತೋರಿತ್ತು. ನಮ್ಮ ವಿದ್ಯಾರ್ಥಿಗಳು ಪೌರಕಾರ್ಮಿಕ ಮಹಿಳೆಯೊಬ್ಬರನ್ನು, “ಅಮ್ಮಾ, ಈ ಕೆಲಸ ಕಲಿಯೋದಕ್ಕೆ ಎಷ್ಟು ದಿನ ಬೇಕಾಯಿತು?” ಎಂದು ಕೇಳಿದಾಗ, “ಕಸ ಗುಡಿಸೋದರಲ್ಲಿ ಕಲಿಯೋದೇನಪ್ಪ ಇದೆ?” ಎಂದು ಆಕೆ ನಕ್ಕುಬಿಟ್ಟರು. ಆದರೆ, “ಹೊಸದಾಗಿ ಸೇರಿದವರು ಏನೇನು ತಪ್ಪು ಮಾಡ್ತಾರೆ?” ಎಂದು ಪ್ರಶ್ನೆಯನ್ನು ಬದಲಿಸಿ ಕೇಳಿದಾಗ, ಉತ್ತರವು ಅರ್ಧ ಗಂಟೆ ಹಿಡಿಯಿತು. ಹೊಸಬರು ಗಾಳಿಗೆ ಎದುರಾಗಿ ಗುಡಿಸುತ್ತಾರೆ. ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿಗಳನ್ನು ಸಮಮಾಡಿಕೊಳ್ಳುವುದಿಲ್ಲ. ಕಟ್ಟು ಸಡಿಲವಾಗಿ ಮಧ್ಯಾಹ್ನದೊಳಗೆ ಅಂಗೈ ಬೊಬ್ಬೆ ಬರುತ್ತದೆ. ಸೊಂಟವನ್ನು ಬಗ್ಗಿಸಿ ಗುಡಿಸುತ್ತಾರೆ, ಭುಜದಿಂದ ಬೀಸುವುದನ್ನು ತಿಳಿಯರು. ಕಸದ ಗುಡ್ಡೆಯನ್ನು ಚರಂಡಿಯ ಬಾಯಿಯ ಪಕ್ಕದಲ್ಲಿ ಹಾಕುತ್ತಾರೆ. ಗಾಡಿ ಬರುವುದಕ್ಕೆ ಮುಂಚೆ ಮಳೆ ಬಂದರೆ ಅದೆಲ್ಲ ಮೋರಿಯ ಪಾಲು. ಮರದ ಎಲೆಯುದುರುವ ಫಾಲ್ಗುಣ-ಚೈತ್ರಗಳಲ್ಲಿ ಯಾವ ರಸ್ತೆಯನ್ನು ಮೊದಲು ಮುಗಿಸಬೇಕು, ಯಾವುದನ್ನು ಎರಡು ಸಲ ಗುಡಿಸಬೇಕು, ಯಾವ ಹೋಟೆಲಿನ ಹಿಂಬದಿಯ ಕಸದಲ್ಲಿ ಗಾಜು ಇರುತ್ತದೆ, ಯಾವ ಗಲ್ಲಿಯಲ್ಲಿ ನಾಯಿಗಳು ಮೈಮೇಲೆ ಬರುತ್ತವೆ, ಇವೆಲ್ಲ ಹೊಸಬರಿಗೆ ತಿಳಿಯದು. ನಯವಾದ ಒಳನೆಲಕ್ಕೆ ಹುಲ್ಲಿನ ಪೊರಕೆ, ಒರಟು ರಸ್ತೆಗೂ ಒದ್ದೆ ಎಲೆಗೂ ತೆಂಗಿನ ಕಡ್ಡಿಯದು ಎಂಬುದಂತೂ ಯಾವ ಮನೆಯಲ್ಲಿಯೂ ಗೊತ್ತು. ಪೊರಕೆ, ಕಸಬರಿಗೆ, ಬಾರಿಗೆ, ಹಿಡಿಸೂಡಿ ಎಂದು ನಾಡಿನ ಒಂದೊಂದು ಭಾಗದಲ್ಲಿ ಒಂದೊಂದು ಹೆಸರಿಟ್ಟುಕೊಂಡಿರುವ ಜನ ಆ ಉಪಕರಣವನ್ನು ಅಲಕ್ಷ್ಯ ಮಾಡಿದವರಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಇವೆಲ್ಲವೂ ನಿಜವಾಗಿದ್ದರೂ ಇವನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಶಸ್ತ್ರವೈದ್ಯನಾಗಲು, ಕಮ್ಮಾರನಾಗಲು ವರ್ಷಗಳು ಬೇಕು. ಆದುದರಿಂದ ಎರಡನ್ನೂ ಕೌಶಲವೆಂದು ಕರೆದರೆ ಆ ಮಾತಿಗೆ ಅರ್ಥವೇ ಉಳಿಯದು ಎಂದು ಹೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆಯೆಂದು ನಾವು ಒಪ್ಪುತ್ತೇವೆ. ಶುಚೀಕರಣವು ಶಸ್ತ್ರವೈದ್ಯಕ್ಕೆ ಸಮಾನವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ‘ಕೆಲವು ವಾರಗಳು’ ಎಂಬ ಲೆಕ್ಕ ಹೇಗೆ ಬಂತು? ಆ ಕೆಲಸಕ್ಕೆ ಬರುವವರು ಹೆಚ್ಚಾಗಿ ಹೆಂಗಸರು. ಏಳೆಂಟನೆಯ ವಯಸ್ಸಿನಿಂದ ಅಂಗಳ ಗುಡಿಸಿ, ಸಾರಿಸಿ, ಪಾತ್ರೆ ಬೆಳಗಿ, ಬಟ್ಟೆ ಒಗೆದು, ಅವ್ವನ ಬೈಗುಳದ ಕೆಳಗೆ ಹತ್ತು ವರ್ಷ ಶಿಷ್ಯವೃತ್ತಿ ಮಾಡಿದ ಮೇಲೆ ಅವರು ಕೂಲಿಗೆ ಬರುತ್ತಾರೆ. ಎಲಿಜಬೆತ್ತಳ ಶಾಸನ ಬೇಡಿದುದು ಏಳು ವರ್ಷವನ್ನು ಮಾತ್ರ. ಈ ಕಲಿಕೆಯ ವೆಚ್ಚವನ್ನು ಮಾಲೀಕನಾಗಲಿ ಸರ್ಕಾರವಾಗಲಿ ಕೊಟ್ಟಿಲ್ಲ, ಮನೆಯೇ ಭರಿಸಿದೆ. ಕೊಟ್ಟಿದ್ದರೆ ಅದು ಲೆಕ್ಕದ ಪುಸ್ತಕದಲ್ಲಿ ತರಬೇತಿಯೆಂದು ಬರುತ್ತಿತ್ತು. ಯಾವುದೇ ಶ್ರೀಮಂತ ಮನೆಯ ಪದವೀಧರ ತರುಣನನ್ನು ಒಂದು ಸಾರ್ವಜನಿಕ ಶೌಚಗೃಹದೊಳಕ್ಕೆ ಬಿಟ್ಟು ನೋಡಿದರೆ ಎಷ್ಟು ವಾರಗಳಲ್ಲಿ ಕಲಿಯುತ್ತಾನೆಂಬುದು ತಿಳಿಯುತ್ತದೆ. ಈ ಪ್ರಯೋಗವನ್ನು ಯಾವ ವಿಭಾಗವೂ ಇನ್ನೂ ಕೈಗೊಂಡಂತಿಲ್ಲ.

ಹೆಂಗಸರ ಕೆಲಸವು ಈ ರೀತಿ ಲೆಕ್ಕದಿಂದ ಜಾರುವುದು ನಮ್ಮ ದೇಶದಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರಸಭೆಯಲ್ಲಿ ಕಸ ಸಂಗ್ರಹ ಮೊದಲಾದ, ಗಂಡಸರೇ ಹೆಚ್ಚಾಗಿದ್ದ ಕೆಲಸಗಳಿಗೆ ದೊರೆಯುತ್ತಿದ್ದ ಬೋನಸ್, ಶುಚಿಕಾರರು, ಅಡುಗೆಯವರು, ಆರೈಕೆಯವರು ಮುಂತಾದ ಹೆಂಗಸರಿಗೆ ದೊರೆತಿರಲಿಲ್ಲ. ಆ ಹೆಂಗಸರ ಪೈಕಿ ಕೆಲಸ ಬಿಟ್ಟು ಹೋದವರೂ ದಾವೆ ಹೂಡಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪಿತ್ತಿತು. ಅಲ್ಲಿ ಕಸ ಎತ್ತುವವನೂ ನೆಲ ಒರೆಸುವವಳೂ ಒಂದೇ ಬಗೆಯ ಕೊಳೆಯೊಡನೆ ಸೆಣಸುವವರೆಂಬುದು ನೆನಪಿನಲ್ಲಿಡತಕ್ಕದ್ದು.

ಸ್ಮಿತ್ತನ ಬಳಿಗೆ ಇನ್ನೊಮ್ಮೆ ಹೋಗಬೇಕಾಗಿದೆ. ಕೂಲಿಯ ವ್ಯತ್ಯಾಸಕ್ಕೆ ಅವನು ಹೇಳುವ ಕಾರಣಗಳಲ್ಲಿ ಕಲಿಕೆಯ ಕಷ್ಟ ಎರಡನೆಯದು. ಮೊದಲನೆಯದು ಕೆಲಸವು ಹಿತವೋ ಅಹಿತವೋ, ಶುಚಿಯೋ ಕೊಳಕೋ ಎಂಬುದು. ಕೊಳಕಾದ, ಜನ ಹೇಸುವ ಕೆಲಸಕ್ಕೆ ಹೆಚ್ಚು ಕೂಲಿ ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಯಾರೂ ಬರುವುದಿಲ್ಲ. ತರ್ಕ ಸರಿಯಾಗಿದೆ. ಹಾಗಿದ್ದರೆ ಕೌಶಲದ ಪ್ರಶ್ನೆಯನ್ನು ಬದಿಗಿಟ್ಟರೂ ನಮ್ಮ ಊರುಗಳಲ್ಲಿ ಶೌಚಗೃಹ ತೊಳೆಯುವವರಿಗೆ ಗುಮಾಸ್ತರಿಗಿಂತ ಹೆಚ್ಚು ಸಂಬಳವಿರಬೇಕಾಗಿತ್ತು. ಇಲ್ಲ. ಏಕೆಂದರೆ ಈ ತರ್ಕಕ್ಕೆ, ಒಲ್ಲೆನೆಂದು ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕೆಲಸಗಾರನಿಗೆ ಇರಬೇಕು. ಜಾತಿಯು ಆ ಬಾಗಿಲನ್ನು ಮುಚ್ಚಿತ್ತು. ಜಾತಿಯೆಂಬುದು ಕೆಲಸದ ವಿಭಜನೆ ಮಾತ್ರವಲ್ಲ, ಕೆಲಸಗಾರರ ವಿಭಜನೆ ಎಂದು ಅಂಬೇಡ್ಕರ್ ಅವರು 1936ರಲ್ಲಿ ತೋರಿಸಿದುದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಬೇರೆಡೆಗೆ ಹೋಗಲಾರದವರು ಎಷ್ಟು ಕೊಟ್ಟರೂ ಬರುತ್ತಾರೆ. ಕಡಮೆ ಕೂಲಿಗೆ ಬರುವುದನ್ನು ನೋಡಿ, ಇದಕ್ಕೆ ಬೆಲೆ ಕಡಮೆ, ಆದುದರಿಂದ ಕೌಶಲವೂ ಇಲ್ಲ ಎಂದು ಎಣಿಸುವುದು ಕಾರ್ಯವನ್ನೇ ಕಾರಣವೆಂದು ಭಾವಿಸಿದಂತೆ.

ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯ ಕೆಲವು ಘಟ್ಟಗಳನ್ನು ಸ್ಮರಿಸಬಹುದು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಅಧ್ಯಕ್ಷತೆಯ ಸಮಿತಿಯು ಈ ಕೆಲಸಗಾರರ ಸ್ಥಿತಿಗತಿಗಳನ್ನು ಪರಿಶೀಲಿಸಿ, 500 ಜನಸಂಖ್ಯೆಗೆ ಒಬ್ಬರಂತೆ ಇರಬೇಕೆಂದು ಶಿಫಾರಸು ಮಾಡಿತು; ಸರ್ಕಾರವು ಅನಂತರ 700ಕ್ಕೆ ಒಬ್ಬರು ಎಂಬ ಪ್ರಮಾಣವನ್ನು ಅನುಸರಿಸಿತು. ಎರಡು ಪ್ರಮಾಣಗಳೂ ತಲೆಯೆಣಿಕೆಯವು. ಸಂತೆಬೀದಿಗೂ ಬಡಾವಣೆಯ ಅಡ್ಡರಸ್ತೆಗೂ ಅವುಗಳಲ್ಲಿ ಭೇದವಿಲ್ಲ. ಬಹುಕಾಲ ನಡೆದ ಗುತ್ತಿಗೆ ಪದ್ಧತಿಯನ್ನು ಕೈಬಿಡಲು 2017ರಲ್ಲಿ ತೀರ್ಮಾನವಾಯಿತು. 2022ರ ಜುಲೈಯಲ್ಲಿ ರಾಜ್ಯಾದ್ಯಂತ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. 2025ರ ಮೇ 1ರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿಗೆ ಖಾಯಂ ನೇಮಕದ ಪತ್ರಗಳು ದೊರೆತುವು. ಇದು ಸಣ್ಣ ಸಾಧನೆಯಲ್ಲ. ಆದರೆ ಆಸ್ಪತ್ರೆ, ಕಾಲೇಜು, ಕಚೇರಿ, ರೈಲು ನಿಲ್ದಾಣಗಳ ಒಳಗೆ ಗುಡಿಸಿ ಒರೆಸುವ ಗುತ್ತಿಗೆಯ ಕೆಲಸಗಾರರಿಗೆ ಇದರಿಂದ ಏನೂ ಆಗಿಲ್ಲ. ಈ ಪತ್ರಿಕೆಯನ್ನು ಓದುತ್ತಿರುವ ಅಧ್ಯಾಪಕರಲ್ಲಿ ಅನೇಕರು ನಿತ್ಯವೂ ಕಾಣುವವರು ಇವರೇ.

ಕೌಶಲವನ್ನು ಒಪ್ಪಬೇಕೆಂಬ ವಾದಕ್ಕೆ ಒಂದು ಅಪಾಯವೂ ಇದೆ. ಈ ಕೆಲಸ ಅವರಿಗೇ ಚೆನ್ನಾಗಿ ಬರುತ್ತದೆ, ಅದು ಅವರ ಹುಟ್ಟುಗುಣ ಎಂಬ ಹಳೆಯ ಮಾತು ಕೌಶಲದ ಹೊಗಳಿಕೆಯ ವೇಷದಲ್ಲಿ ಹಿಂದಿರುಗಬಲ್ಲುದು. ಮಲ ತೆಗೆಯುವುದನ್ನು ಪವಿತ್ರ ಸೇವೆಯೆಂದು ಕೊಂಡಾಡುವುದನ್ನು ಅಂಬೇಡ್ಕರ್ ಅವರು 1945ರ ತಮ್ಮ ಗ್ರಂಥದಲ್ಲಿ ಕಟುವಾಗಿ ಖಂಡಿಸಿದುದು ಈ ಕಾರಣದಿಂದಲೇ. ಆದುದರಿಂದ ನಾವು ಒಂದು ಭೇದವನ್ನು ಸ್ಪಷ್ಟವಾಗಿ ಮಾಡಬೇಕು. ಮನುಷ್ಯರು ಮಾಡಲೇಕೂಡದ ಕೆಲಸಗಳಿವೆ. ಮ್ಯಾನ್‌ಹೋಲಿಗೆ ಇಳಿಯುವವನಿಗೆ ತಿಳಿದಿರಬೇಕಾದುದು ಬಹಳ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಅದರ ಪ್ರಮಾಣ ಹೆಚ್ಚಿದಾಗ ಮೂಗು ಮರಗಟ್ಟಿ ಕೊಳೆತ ಮೊಟ್ಟೆಯ ವಾಸನೆಯೇ ತಿಳಿಯದಂತಾಗುತ್ತದೆ. ವಾಸನೆ ಹೋಯಿತೆಂದು ಕೆಳಗಿಳಿದವನು ಅಲ್ಲಿಯೇ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಆದರೆ ಈ ತಿಳಿವಳಿಕೆಗೆ ಹೆಚ್ಚು ಕೂಲಿ ಕೊಟ್ಟು ಅವನನ್ನು ಇಳಿಸುವುದು ಪರಿಹಾರವಲ್ಲ, ಇಳಿಸದಿರುವುದೇ ಪರಿಹಾರ. 1993ರ ಮತ್ತು 2013ರ ಕಾಯಿದೆಗಳು, 2014ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು, ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ 2023ರ ಅಕ್ಟೋಬರಿನ ತೀರ್ಪು ಎಲ್ಲವೂ ಹೋಗುತ್ತಿರುವ ದಿಕ್ಕು ಅದೇ. ನೆಲ ಒರೆಸುವುದು, ಬೀದಿ ಗುಡಿಸುವುದು, ವಾರ್ಡನ್ನು ರೋಗಾಣುರಹಿತವಾಗಿಡುವುದು ಇಂಥವಲ್ಲ. ಇವು ಯಾವ ಸಮಾಜದಲ್ಲಿಯೂ ಇರತಕ್ಕ ಕೆಲಸಗಳು. ಇವುಗಳ ಕೌಶಲವನ್ನು ಕಲಿತ ಕೌಶಲವೆಂದು, ಅಂದರೆ ಯಾರೂ ಕಲಿಯಬಹುದಾದ, ಯಾರಿಗೂ ಹುಟ್ಟಿನಿಂದ ಬಾರದ ಕೌಶಲವೆಂದು ಗುರುತಿಸಿದಾಗಲೇ ಜಾತಿಯ ಗಂಟು ಸಡಿಲವಾಗುವುದು. ‘ಅಕುಶಲ’ವೆಂಬ ಹೆಸರು ಆ ಗಂಟನ್ನು ಬಿಗಿಮಾಡುತ್ತದೆ, ಕಲಿಯುವುದೇನೂ ಇಲ್ಲವೆಂದ ಮೇಲೆ, ಇಂಥವರೇ ಏಕೆ ಮಾಡುತ್ತಿದ್ದಾರೆಂಬುದಕ್ಕೆ ಹುಟ್ಟೊಂದೇ ಉತ್ತರವಾಗಿ ಉಳಿಯುತ್ತದೆ.

ಇನ್ನು ವ್ಯವಹಾರದ ಮಾತು. ಕೆಲಸಗಳ ಬೆಲೆಯನ್ನು ಅಳೆಯಲು ಮನಸ್ಸಿನ ಶ್ರಮ, ದೇಹದ ಶ್ರಮ, ಹೊಣೆಗಾರಿಕೆ, ಕೆಲಸದ ಪರಿಸರ ಎಂಬ ನಾಲ್ಕು ತಲೆಬರಹಗಳನ್ನು 1950ರಲ್ಲಿಯೇ ಜಿನೀವಾದ ಸಮ್ಮೇಳನವೊಂದರಲ್ಲಿ ರೂಪಿಸಲಾಗಿತ್ತು. ನಮ್ಮ ಅಧಿಸೂಚನೆಗಳು ಇವುಗಳಲ್ಲಿ ಮೊದಲನೆಯದರ ಒಂದು ಭಾಗವನ್ನು ಮಾತ್ರ ತೂಗುತ್ತವೆ. 1948ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಆರನೆಯ ಪ್ರಕರಣದಂತೆ ಸರ್ಕಾರವು ಮುಖ್ಯವಾಗಿ ಕುಶಲ, ಅಕುಶಲ ಮುಂತಾದ ದರ್ಜೆಗಳನ್ನೋ ಪ್ರದೇಶವನ್ನೋ ಅಥವಾ ಎರಡನ್ನೂ ಗಮನಿಸಬೇಕು. ಅದರ ಜೊತೆಗೆ ಕೆಲಸದ ಕಠಿನತೆಯನ್ನೂ, ಅಂದರೆ ಸೆಕೆ, ತೇವ, ಅಪಾಯ ಮುಂತಾದುವನ್ನೂ ಗಮನಿಸಬಹುದು. ಕಠಿನತೆಗೆ ಬೇರೆಯಾಗಿ ಬೆಲೆ ಕಟ್ಟಲು ಕಾನೂನಿನಲ್ಲಿಯೇ ಎಡೆಯಿದೆ. ಆದರೆ ದರ್ಜೆಯ ವಿಷಯದಲ್ಲಿ ‘ಬೇಕು’, ಕಠಿನತೆಯ ವಿಷಯದಲ್ಲಿ ‘ಬಹುದು’ ಎಂಬ ಭೇದವೂ ಇದೆ.

ದರ್ಜೆಗಳನ್ನು ಮಾಡುವುದು ಕಷ್ಟವೇನಲ್ಲವೆಂದು ನಮ್ಮ ಅಭಿಪ್ರಾಯ. ಸಾಮಾನ್ಯ ಕೋಣೆಗಳನ್ನು ಗುಡಿಸಿ ಒರೆಸುವವರು ಒಂದು. ರಾಸಾಯನಿಕ ದ್ರವ್ಯಗಳನ್ನು ಬೆರೆಸಿ ಬಳಸುವವರು, ನೆಲ ತೊಳೆಯುವ ಯಂತ್ರ ನಡೆಸುವವರು ಇನ್ನೊಂದು. ಆಸ್ಪತ್ರೆಯ ವಾರ್ಡು, ಶಸ್ತ್ರಕ್ರಿಯೆಯ ಕೋಣೆ, ವೈದ್ಯಕೀಯ ತ್ಯಾಜ್ಯಗಳ ಹೊಣೆ ಹೊತ್ತವರು ಮತ್ತೊಂದು. ಹೊಸಬರಿಗೆ ಕಲಿಸುವವರು ಅದಕ್ಕೂ ಮೇಲೆ. ತೊಡಕಿರುವುದು ದರ್ಜೆಯನ್ನು ನಿರ್ಣಯಿಸುವವರು ಯಾರು ಎಂಬಲ್ಲಿ. ಶಾಲೆಯ ವರ್ಷಗಳನ್ನು ಅಳತೆಯಾಗಿಟ್ಟರೆ ಅಕ್ಷರ ಬಾರದ ಅನುಭವಸ್ಥೆಯ ಮೇಲೆ ನಿನ್ನೆ ಬಂದ ಹುಡುಗನು ಮೇಸ್ತ್ರಿಯಾಗಿ ಕೂರುತ್ತಾನೆ. ಇದು ಈಗಲೂ ನಡೆಯುತ್ತಿದೆ. ಹಿಂದೆ ಕಲಿತುದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ರಮವನ್ನು ಕೇಂದ್ರ ಸರ್ಕಾರದ ಕೌಶಲ ಯೋಜನೆಗಳಲ್ಲಿ ತಂದಿದ್ದಾರೆ. ಅದು ಒಳ್ಳೆಯದೇ. ಆದರೆ ಆ ಪತ್ರವನ್ನು ಪಡೆದವಳನ್ನು ಗುತ್ತಿಗೆದಾರನು ಮರುದಿನವೂ ಹಿಂದಿನ ಸಾಲಿನಲ್ಲಿಯೇ ನಮೂದಿಸುತ್ತಾನೆ, ಏಕೆಂದರೆ ಟೆಂಡರಿನ ನಮೂನೆಯಲ್ಲಿ ಶುಚೀಕರಣಕ್ಕೆ ಬೇರೊಂದು ಸಾಲಿರುವುದಿಲ್ಲ. ಆ ನಮೂನೆಯನ್ನು ಸಿದ್ಧಪಡಿಸುವವರು ಗುತ್ತಿಗೆದಾರರಲ್ಲ. ಕಚೇರಿಗಳು, ಆಸ್ಪತ್ರೆಗಳು, ನಮ್ಮಂಥ ವಿದ್ಯಾಸಂಸ್ಥೆಗಳು.